ಅನ್ನದ ಲೆಕ್ಕ, ಸೂರಿನ ಲೆಕ್ಕ

ತಿಂಗಳ ಮೊದಲ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಗುತ್ತಿತ್ತು. ಅಪ್ಪ ಮಲೆನಾಡಿನ ಒಂದು ಪೇಟೆಯ ಅಡಿಕೆ ಮಂಡಿಯಲ್ಲಿ ಹಮಾಲಿ. ಅಮ್ಮ ಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದರು. ಐದನೇ ತಾರೀಕಿಗೆ ಮನೆಯ ಮಾಲೀಕರು ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಬಾಡಿಗೆ ಎಣಿಸಿ ಕೊಟ್ಟ ಮೇಲೆ ಉಳಿದ ಹಣವನ್ನು ಅಮ್ಮ ಸೆರಗಿನ ತುದಿಗೆ ಕಟ್ಟಿಕೊಂಡು ದಿನಸಿ ಅಂಗಡಿಗೆ ಹೋಗುತ್ತಿದ್ದರು. ಬಾಡಿಗೆ ಏರಿದ ವರ್ಷ ನಮ್ಮ ಗಂಜಿ ತೆಳುವಾಗುತ್ತಿತ್ತು. ಸರಕಾರದ ಕಡತಗಳಲ್ಲಿ ವಸತಿಗೊಂದು ಇಲಾಖೆ, ಆಹಾರಕ್ಕೊಂದು ಇಲಾಖೆ. ನಮ್ಮ ಮನೆಯಲ್ಲಿ ಅವೆರಡೂ ಆ ಒಂದೇ ಸೆರಗಿನ ಗಂಟಿನಲ್ಲಿದ್ದವು.

ನಮಗೆ ನೆಲವೇಕಿರಲಿಲ್ಲ ಎಂದು ಕೇಳಿದರೆ ಅಜ್ಜ ಕೊಳಗದ ಕತೆ ಹೇಳುತ್ತಿದ್ದರು. ಗೇಣಿ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ಸರಿಯಾದ ಅಳತೆಗಿಂತ ದೊಡ್ಡ ಕೊಳಗ ತರುತ್ತಿದ್ದರಂತೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದಕ್ಕೆ ಈ ಕೊಳಗವೂ ಒಂದು ಕಾರಣ. ರಾಮ ಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಕಾವಿನಲ್ಲೇ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸನಸಭೆ ಪ್ರವೇಶಿಸಿದರು. ಗದ್ದೆಯ ಜಗಳ ಕಾನೂನು ಮಾಡುವ ಮನೆಯೊಳಗೆ ಹೋಗಿ ಕೂತಿತು. ಆದರೂ ಅದು ಕಾನೂನಾಗಿ ಹೊರಬರಲು 20 ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಯಿತು.

ಕಾನೂನು ಬಂದರೂ ಅದು ಅಜ್ಜನ ಬಾಗಿಲಿಗೆ ಬರಲಿಲ್ಲ. ಅವರದು ಬಾಯಿಮಾತಿನ ಗೇಣಿ. ರಸೀದಿ ಇರಲಿಲ್ಲ, ಪಹಣಿಯಲ್ಲಿ ಹೆಸರಿರಲಿಲ್ಲ. ಅರ್ಜಿ ಹಾಕಿದರೆ ಒಡೆಯರು ಗುಡಿಸಲು ಬಿಡಿಸಿಯಾರು ಎಂಬ ಭಯ ಬೇರೆ. ಅರ್ಜಿ ಹಾಕದೆಯೇ ಗಡುವು ಮುಗಿಯಿತು. ಗದ್ದೆ ಹೋಯಿತು, ಕೆಲವು ವರ್ಷಗಳಲ್ಲಿ ಗುಡಿಸಲೂ ಹೋಯಿತು. ಅಪ್ಪ ಪೇಟೆಗೆ ಬಂದು ಬಾಡಿಗೆ ಮನೆ ಹಿಡಿದರು.

ನಮ್ಮ ಕಡೆಯ ಬಡವರ ಬಾಯಲ್ಲಿ ಬಂಗಾರಪ್ಪನವರ ಹೆಸರು ಇಂದಿಗೂ ಇರುವುದಕ್ಕೆ ‘ಆಶ್ರಯ’ ಯೋಜನೆ ಒಂದು ಮುಖ್ಯ ಕಾರಣ. 1967ರಿಂದ ಸೊರಬದ ಶಾಸಕರಾಗಿದ್ದ ಅವರು 1990ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಯಾದರು. ಎರಡು ವರ್ಷ ಆ ಕುರ್ಚಿಯಲ್ಲಿದ್ದರು. ಅಷ್ಟರಲ್ಲಿ ಆಶ್ರಯ, ಆರಾಧನಾ, ವಿಶ್ವ ಎಂಬ ಯೋಜನೆಗಳನ್ನು ತಂದರು. ಅವರ ರಾಜಕೀಯದ ಬಗ್ಗೆ ಎಷ್ಟೋ ತಕರಾರುಗಳಿದ್ದವು, ಇರಲಿ. ಆದರೆ ಬಡವನ ಮನೆಗೆ ‘ಆಶ್ರಯ ಮನೆ’ ಎಂಬ ಹೆಸರು ಕನ್ನಡದಲ್ಲಿ ನಿಂತುಬಿಟ್ಟಿತು. ಸರಕಾರಗಳು ಬದಲಾದವು, ಯೋಜನೆಗಳ ಹೆಸರುಗಳು ಬದಲಾದವು. ಜನ ಮಾತ್ರ ‘ಆಶ್ರಯ ಮನೆ ಬಂತಾ?’ ಎಂದೇ ಕೇಳುತ್ತಾರೆ.

ಪೇಟೆಗಳಲ್ಲಿ ಆಶ್ರಯ ಸಮಿತಿಗೆ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಇದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಬಡವನಿಗೆ ಕೇಳಲು ಒಂದು ಬಾಗಿಲು ಗೊತ್ತಿರುತ್ತದೆ, ಅದು ಒಳ್ಳೆಯದು. ಆದರೆ ಆ ಬಾಗಿಲಿನ ಮುಂದೆ ಮಧ್ಯವರ್ತಿಗಳೂ ನಿಂತಿರುತ್ತಾರೆ. ಮೊದಲ ಸಲ ನಮ್ಮ ಅರ್ಜಿ ಹೋದಾಗ ಒಬ್ಬ ಬಂದು, “ಸ್ವಲ್ಪ ಖರ್ಚಾಗುತ್ತದೆ” ಎಂದ. ಅಪ್ಪ ಕೊಡಲಿಲ್ಲ, ಕೊಡಲು ಇರಲೂ ಇಲ್ಲ. ಪಟ್ಟಿಯಲ್ಲಿ ನಮ್ಮ ಹೆಸರು ಬರಲಿಲ್ಲ. ಅಷ್ಟರಲ್ಲಿ ಚುನಾವಣೆ ಬಂತು, ಶಾಸಕರು ಬದಲಾದರು, ಪಟ್ಟಿಯೂ ಬದಲಾಯಿತು. ಎರಡನೆಯ ಪಟ್ಟಿಯಲ್ಲಿ ಅಮ್ಮನ ಹೆಸರಿತ್ತು. ಹೌದು, ಅಮ್ಮನ ಹೆಸರು. ಆ ಮನೆಗಳನ್ನು ಹೆಂಗಸರ ಹೆಸರಿಗೆ ಕೊಡುವುದೇ ಕ್ರಮ. ಅಪ್ಪನ ಹೆಸರಿನಲ್ಲಿ ಒಂದು ಸೈಕಲ್ ಬಿಟ್ಟರೆ ಬೇರೇನೂ ಇರಲಿಲ್ಲ. ಅಮ್ಮ ನೆಲದ ಒಡತಿಯಾದರು.

ಹಕ್ಕುಪತ್ರ ವಿತರಣೆಗೆ ಪೆಂಡಾಲ್ ಹಾಕಿದ್ದರು. ವೇದಿಕೆಯ ಮೇಲೆ ಶಾಸಕರು ಪತ್ರ ಕೊಟ್ಟಾಗ ಅಮ್ಮ ಬಗ್ಗಿ ಅವರ ಕಾಲು ಮುಟ್ಟಿದರು. ಮನೆಗೆ ಬಂದ ಮೇಲೆ ಅಪ್ಪ ಸಿಟ್ಟಾದರು. “ಅವರೇನು ಅವರ ಜೇಬಿನಿಂದ ಕೊಟ್ಟರೇನೆ? ಹಕ್ಕುಪತ್ರ ಅಂತ ಬರೆದಿದೆ, ಓದಿಸಿ ನೋಡು.” ಅಮ್ಮ ತಣ್ಣಗೆ ಹೇಳಿದರು: “ಹಕ್ಕು ಹೌದು. ನಿಮ್ಮ ಅಪ್ಪನಿಗೂ ಹಕ್ಕಿತ್ತಲ್ಲ? ಅವರ ಪರವಾಗಿ ಹೇಳುವವರು ಯಾರೂ ಇರಲಿಲ್ಲ. ನನ್ನ ಹೆಸರನ್ನು ಇವರು ಓದಿದರು.” ನಾವು ಮಕ್ಕಳು ಗೋಡೆಗೆ ಒರಗಿ ಕೇಳುತ್ತಿದ್ದೆವು. ಯಾರದು ಸರಿ ಎಂದು ಆಗ ತಿಳಿಯಲಿಲ್ಲ. ಈಗ ಕೇಳಿದರೆ ಇಬ್ಬರದೂ ಸರಿ ಎನ್ನುತ್ತೇವೆ.

ನಿವೇಶನ ಸಿಕ್ಕಿತೆಂದರೆ ಮನೆ ಸಿಕ್ಕಿತೆಂದಲ್ಲ. ಸಹಾಯಧನ ಕಂತಿನಲ್ಲಿ ಬರುತ್ತದೆ. ಪಾಯ ಹಾಕಿದ ಮೇಲೆ ಒಂದು, ಗೋಡೆ ಎದ್ದ ಮೇಲೆ ಇನ್ನೊಂದು. ಮೊದಲು ನೀವು ಕಟ್ಟಬೇಕು, ಅಧಿಕಾರಿ ಬಂದು ನೋಡಬೇಕು, ಆಮೇಲೆ ಹಣ. ಕೈಯಲ್ಲಿ ಕಾಸಿಲ್ಲದವನು ಮೊದಲು ಕಟ್ಟುವುದು ಹೇಗೆ? ನಮ್ಮ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತು. ಮಲೆನಾಡಿನ ಮಳೆ ಗೊತ್ತಲ್ಲ? ಒಂದಲ್ಲ ಎರಡಲ್ಲ, ಹಲವು ಮಳೆಗಾಲ ಆ ಗೋಡೆಗಳು ನೆನೆದು ಪಾಚಿ ಹಿಡಿದವು. ನಾವು ಬಾಡಿಗೆ ಮನೆಯಲ್ಲೇ ಇದ್ದೆವು.

ಆ ಗೋಡೆಯ ಮೇಲೆ ಹಂಚು ಕೂತದ್ದು ಅಕ್ಕಿಯಿಂದ ಎಂದರೆ ನೀವು ನಂಬಲಿಕ್ಕಿಲ್ಲ. 2013ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ದಿನವೇ ಸಿದ್ದರಾಮಯ್ಯನವರು ‘ಅನ್ನಭಾಗ್ಯ’ ಘೋಷಿಸಿದರು. ಜುಲೈಯಿಂದ ಕಿಲೋಗೆ 1 ರೂಪಾಯಿಯಂತೆ ಅಕ್ಕಿ ಬಂತು. ಒಬ್ಬರಿದ್ದರೆ 10 ಕಿಲೋ, ಇಬ್ಬರಿಗೆ 20, ಮೂವರು ಅಥವಾ ಹೆಚ್ಚು ಜನರಿರುವ ಮನೆಗೆ 30. ನಾವು ಐವರು. 30 ರೂಪಾಯಿಗೆ 30 ಕಿಲೋ. ಅಂಗಡಿಯಿಂದ ಅಕ್ಕಿ ಕೊಳ್ಳುವುದು ಬಹುಮಟ್ಟಿಗೆ ನಿಂತಿತು. ಉಳಿದ ಹಣವನ್ನು ಅಮ್ಮ ಸ್ವಸಹಾಯ ಸಂಘದಲ್ಲಿ ಕಟ್ಟಿದರು. ಎರಡು ವರ್ಷದಲ್ಲಿ ಮರ ಬಂತು, ಹಂಚು ಬಂತು. ಬಾಡಿಗೆ ನಿಂತ ತಿಂಗಳು ಅಮ್ಮ ನಮಗೆಲ್ಲ ಮೀನು ಸಾರು ಮಾಡಿ ಬಡಿಸಿದರು.

ಆ ದಿನಗಳಲ್ಲಿ, “ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು, ತೋಟಕ್ಕೆ ಆಳು ಸಿಗುವುದಿಲ್ಲ” ಎಂಬ ಮಾತು ದೊಡ್ಡದಾಗಿ ಕೇಳಿಬರುತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪ ಮೂಟೆ ಹೊರುವುದನ್ನೂ ಬಿಡಲಿಲ್ಲ, ಅಮ್ಮ ಅಡಿಕೆ ಸುಲಿಯುವುದನ್ನೂ ಬಿಡಲಿಲ್ಲ. ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಬೇಳೆ, ಎಣ್ಣೆ, ಶಾಲೆಯ ಖರ್ಚು ಹೊರಗಿನಿಂದಲೇ ಬರಬೇಕು. ಬದಲಾದದ್ದು ಒಂದೇ. ಜ್ವರ ಬಂದ ದಿನ ಅಮ್ಮ ಕೆಲಸಕ್ಕೆ ಹೋಗಲಿಲ್ಲ. ಮೊದಲು ಜ್ವರದಲ್ಲೂ ಹೋಗುತ್ತಿದ್ದರು. ಇದನ್ನು ಸೋಮಾರಿತನ ಎನ್ನುವವರೊಡನೆ ನಮಗೆ ವಾದವಿಲ್ಲ.

ಆದರೆ ಯೋಜನೆಗೂ ಕಾನೂನಿಗೂ ವ್ಯತ್ಯಾಸವಿದೆ ಎಂಬುದನ್ನು ನಾವು ನಿಧಾನವಾಗಿ ಕಲಿತೆವು. ಅದೇ 2013ರಲ್ಲಿ ಸಂಸತ್ತು ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯನ್ನು ಅಂಗೀಕರಿಸಿತು. ಆದ್ಯತಾ ಕುಟುಂಬದ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಹಕ್ಕಾಯಿತು. ಅದರ ಮೇಲೆ ರಾಜ್ಯ ಕೊಡುವುದು ಮಾತ್ರ ಸರಕಾರದ ಮನಸ್ಸಿನಂತೆ ಹೆಚ್ಚು ಕಡಿಮೆಯಾಗುತ್ತ ಬಂತು. 2023ರಲ್ಲಿ ಹೆಚ್ಚುವರಿ 5 ಕಿಲೋಗೆ ಅಕ್ಕಿ ಹೊಂದಿಸಲಾಗದೆ ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರ ಫೆಬ್ರವರಿಯಲ್ಲಿ ಹಣದ ಬದಲು ಮತ್ತೆ ಅಕ್ಕಿ ಎಂದರು. ಸೂರಿನ ವಿಷಯದಲ್ಲೂ ಹಾಗೆಯೇ. ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ತಾಂಡಾ, ಹಾಡಿಗಳಂಥ ದಾಖಲೆಯಿಲ್ಲದ ವಸತಿಗಳಲ್ಲಿ ವಾಸಿಸುವವರಿಗೇ ಆ ಮನೆಯಡಿಯ ನೆಲ ಸಿಗುವಂತೆ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದರು. ಅದು 2017ರಲ್ಲಿ ಜಾರಿಗೆ ಬಂತು. ಅಂಥ ಒಂದು ಕಾನೂನು, ಅದನ್ನು ಬಾಗಿಲಿಗೆ ತಂದು ಓದಿ ಹೇಳುವ ಒಬ್ಬ ಶಾಸಕ, ಇವೆರಡೂ ಅಜ್ಜನಿಗೆ ಸಿಕ್ಕಿದ್ದರೆ ನಾವು ಬಾಡಿಗೆಯ ಐದನೇ ತಾರೀಕನ್ನು ನೋಡುತ್ತಿರಲಿಲ್ಲ.

ಅಮ್ಮನ ಬೆರಳುಗಳು ಅಡಿಕೆಯ ಕರೆ ಹಿಡಿದು, ಸವೆದು ಹೋಗಿವೆ. ಪಡಿತರ ಅಂಗಡಿಯ ಯಂತ್ರ ಆ ಬೆರಳಿನ ಗುರುತನ್ನು ಹಲವು ಸಲ ಒಪ್ಪುವುದಿಲ್ಲ. ಕೊನೆಗೆ ನಮ್ಮ ಮೊಬೈಲಿಗೆ ಬರುವ ಓಟಿಪಿ ಹೇಳಿ ಅಕ್ಕಿ ತರುತ್ತಾರೆ. “ಅಜ್ಜನ ಕಾಲದಲ್ಲಿ ಕೊಳಗ ಮೋಸ ಮಾಡಿತು, ಈಗ ಈ ಡಬ್ಬಿ ನನ್ನನ್ನೇ ಗುರುತಿಸುವುದಿಲ್ಲ” ಎಂದು ನಗುತ್ತಾರೆ.

ಕಳೆದ ಮತದಾನಕ್ಕೂ ಅಮ್ಮ ಬೆಳಗ್ಗೆಯೇ ಹೋಗಿ ಸಾಲಿನಲ್ಲಿ ನಿಂತಿದ್ದರು. ಯಾರಿಗೆ ಹಾಕಿದಿರಿ ಎಂದು ಅಪ್ಪ ಕೇಳಲಿಲ್ಲ, ನಾವೂ ಕೇಳಲಿಲ್ಲ. ಶಾಯಿ ಹಚ್ಚಿದ ಬೆರಳು ತೋರಿಸಿ ಅವರೇ ಹೇಳಿದರು: “ಇಲ್ಲಿ ಮಾತ್ರ ಈ ಬೆರಳು ಬೇಡ ಅನ್ನಲಿಲ್ಲ.” ಹಕ್ಕುಪತ್ರ ಇಂದಿಗೂ ಅವರ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಕೆಳಗೆ ಇದೆ. ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಾರೆ.