ಬಸ್ಸಾರಿನ ಪಾಲು

ಹೆಸರಿನಲ್ಲಿಯೇ ತಮ್ಮ ಹುಟ್ಟನ್ನು ಹೇಳಿಕೊಳ್ಳುವ ಅಡುಗೆಗಳು ಕೆಲವುಂಟು. ಬಸ್ಸಾರು ಅಂಥದು. ಸೊಪ್ಪುಬೇಳೆ ಬೆಂದ ನೀರನ್ನು ಬಸಿದು ಮಾಡಿದ ಸಾರೇ ಬಸ್ಸಾರು. ಮಂಡ್ಯ, ಮೈಸೂರು, ಹಾಸನ, ತುಮಕೂರು ಸೀಮೆಯ ಮನೆಗಳಲ್ಲಿ ಅದು ಬಹುಕಾಲದಿಂದ ರಾಗಿಮುದ್ದೆಯ ಜೊತೆಗಾರ. ಮದುವೆಯ ಊಟದ ಎಲೆಯಲ್ಲಿ ಅದಕ್ಕೆ ಸ್ಥಾನ ದೊರೆಯುವುದು ಅಪರೂಪ. ಅದು ಮನೆಮಂದಿಯ ಅಡುಗೆ.

ಇದರ ಕ್ರಮ ಸರಳವಾದುದು. ದಂಟು, ಸಬ್ಬಸಿಗೆ, ನುಗ್ಗೆ, ಹಿತ್ತಲಿನ ಕೀರೆ – ಯಾವ ಸೊಪ್ಪಾದರೂ ಸರಿ. ಸೊಪ್ಪು ಸಿಕ್ಕದ ದಿನ ಹುರುಳಿಕಾಯಿಯೋ ಎಲೆಕೋಸೋ ಅದರ ಸ್ಥಾನಕ್ಕೆ ಬರುತ್ತದೆ. ಸೊಪ್ಪನ್ನು ತೊಳೆದು ಅನಂತರ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವವೂ ನೀರಿನೊಡನೆ ಹರಿದುಹೋಗುತ್ತದೆ. ತೊಗರಿಬೇಳೆಯನ್ನಾಗಲಿ ಅಲಸಂದೆ ಕಾಳನ್ನಾಗಲಿ ಮುಕ್ಕಾಲು ಬೇಯಿಸಿ, ಸೊಪ್ಪು ಉಪ್ಪುಗಳನ್ನು ಹಾಕಿ, ಹದವಾಗಿ ಬೆಂದ ಮೇಲೆ ನೀರನ್ನು ಬಸಿಯಬೇಕು. ಈ ನೀರಿಗೆ ಕಟ್ಟು ಎಂದು ಹೆಸರು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಇವುಗಳೊಡನೆ ತೆಂಗಿನಕಾಯಿ, ಹುಣಿಸೆಹಣ್ಣು ಮತ್ತು ಬೆಂದ ಸೊಪ್ಪುಬೇಳೆಯ ಒಂದು ಹಿಡಿಯನ್ನು ಸೇರಿಸಿ ನುಣ್ಣಗೆ ರುಬ್ಬಿ, ಕಟ್ಟಿನಲ್ಲಿ ಕಲಸಿ ಕುದಿಸಿ ಒಗ್ಗರಣೆ ಕೊಟ್ಟರೆ ಸಾರು ಸಿದ್ಧ. ಉಳಿದ ಸೊಪ್ಪುಬೇಳೆ ಒಗ್ಗರಣೆಯಲ್ಲಿ ಹೊರಳಿ, ಕಾಯಿತುರಿ ಬೆರೆತು ಪಲ್ಯವಾಗುತ್ತದೆ.

ಪಾತ್ರೆ ಒಂದು, ಅಡುಗೆ ಎರಡು. ಚೆಲ್ಲುವುದು ಏನೂ ಇಲ್ಲ. ಸಿ ಜೀವಸತ್ವವೂ ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವವೂ ನೀರಿನಲ್ಲಿ ಕರಗುತ್ತವೆ. ಶಾಖಕ್ಕೆ ಅವುಗಳ ಒಂದು ಪಾಲು ನಾಶವಾದರೂ ಕಟ್ಟಿಗೆ ಇಳಿದುದು ಸಾರಿನಲ್ಲಿ ಉಳಿಯುತ್ತದೆ. ನಾರು, ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಕ್ಯಾರೋಟಿನ್, ಕಬ್ಬಿಣದ ಬಹುಭಾಗ ಸೊಪ್ಪಿನಲ್ಲಿಯೇ ನಿಲ್ಲುತ್ತವೆ. ಕ್ಯಾರೋಟಿನ್ ಮೈಗೆ ಹತ್ತಲು ಜಿಡ್ಡು ಬೇಕು. ಅದನ್ನು ಒಗ್ಗರಣೆಯ ಎಣ್ಣೆ ಒದಗಿಸುತ್ತದೆ. ವಯಸ್ಕರು ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಹಣ್ಣುಗಳನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಒಂದು ಒಳ್ಳೆಯ ಪಾಲನ್ನು ಈ ಊಟವೇ ಸಲ್ಲಿಸಬಲ್ಲದು.

ಆದರೆ ಅಡುಗೆಯ ಗುಣ ಒಲೆಯ ಮೇಲೆಯೇ ಮುಗಿಯುವುದಿಲ್ಲ. ಬಡಿಸುವ ಸೌಟಿನಲ್ಲಿಯೂ ಅದರ ಪರೀಕ್ಷೆಯುಂಟು. ಎಷ್ಟೋ ಮನೆಗಳಲ್ಲಿ ಗಂಡಸರೂ ಮಕ್ಕಳೂ ಉಂಡ ಮೇಲೆ ಅಡುಗೆ ಮಾಡಿದವಳ ಸರದಿ. ಸಾರಿಗೆ ನೀರು ಬೆರೆಸಿದರೆ ಹೆಚ್ಚುತ್ತದೆ. ಪಲ್ಯವನ್ನು ಹಾಗೆ ಹೆಚ್ಚಿಸಲಾಗದು. "ನನಗೆ ಸಾರೇ ಸಾಕು" ಎಂದು ಆಕೆ ಉಣ್ಣಲು ಕೂರುತ್ತಾಳೆ. ಕಬ್ಬಿಣ ಯಾರಿಗೆ ಹೆಚ್ಚು ಬೇಕೋ ಅವರ ತಟ್ಟೆಗೆ ಸೊಪ್ಪು ಬರುವುದೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು. ಬಡಿಸುವ ಕ್ರಮವನ್ನು ತಿದ್ದುವುದಂತೂ ಪ್ರತಿಯೊಂದು ಮನೆಯ ಕೈಯಲ್ಲಿಯೇ ಇದೆ.

ಪಲ್ಯವನ್ನು ಮೊದಲೇ ಮನೆಮಂದಿಯ ಲೆಕ್ಕಕ್ಕೆ ಪಾಲು ಮಾಡಿಡಬಹುದು; ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬಹುದು. ಪಲ್ಯದ ಮೇಲೆ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣ ರಕ್ತಕ್ಕೆ ಸೇರಲು ಸುಲಭ. ಊಟವಾದೊಡನೆ ಕಾಫಿ, ಚಹಾ ಕುಡಿದರೆ ಅದಕ್ಕೆ ಅಡ್ಡಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ತನ್ನ ತಟ್ಟೆಯೊಂದನ್ನೇ ಬಲ್ಲವನು ಊಟ ಬಲ್ಲವನಾಗಲಾರ. ಗಂಡಾಗಲಿ ಹೆಣ್ಣಾಗಲಿ, ಸೊಪ್ಪು ಬಿಡಿಸಲು ಕುಳಿತ ಮಗುವಿಗೆ ದೊಡ್ಡದೊಂದು ಕಂತೆ ಬೆಂದು ಹಿಡಿಯಷ್ಟಾಗುವುದು ತಿಳಿದಿರುತ್ತದೆ. ಆ ಹಿಡಿಯಲ್ಲಿ ಎಷ್ಟು ಜನರ ಪಾಲಿದೆ ಎಂಬುದನ್ನು ಅದು ತಾನಾಗಿಯೇ ಎಣಿಸಿಕೊಳ್ಳುತ್ತದೆ.