ಅತ್ತೆಯ ಕೌದಿ

2019ರ ಆಗಸ್ಟ್‌ನಲ್ಲಿ ಸಾಂಗ್ಲಿಯ ಐರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿದಳು. ಮಿರಜಿನ ನಮ್ಮ ಮನೆಗೆ ನೀರು ಬರಲಿಲ್ಲ. ಸಾಂಗ್ಲಿಯಲ್ಲಿದ್ದ ನಾದಿನಿಯ ಮನೆ ಮುಳುಗಿತು. ನೀರಿಳಿದ ಮೇಲೆ ಅತ್ತೆಯೊಡನೆ ಮನೆ ತೊಳೆಯಲು ಹೋದೆ.

ಬೀದಿಯ ಎರಡೂ ಬದಿಗೆ ಗಾದಿ, ಕಪಾಟು, ಬಟ್ಟೆ, ಪ್ಲಾಸ್ಟಿಕ್ಕಿನ ರಾಶಿ. ನಮ್ಮವರ ಮನೆಯಿಂದಲೂ ಒಂದು ರಾಶಿ ಹೊರಬಿತ್ತು. ಅದರಲ್ಲಿ ಒಮ್ಮೆಯೂ ಉಡದ ಸೀರೆಗಳಿದ್ದವು, ಮುಚ್ಚಳ ತೆರೆಯದ ಡಬ್ಬಿಗಳಿದ್ದವು. ಸುಮ್ಮನೆ ನೋಡುತ್ತಿದ್ದ ಅತ್ತೆ, "ಹೊಳಿ ತಂದದ್ದು ಬರೇ ರಾಡಿ. ಉಳಿದದ್ದೆಲ್ಲಾ ನಾವ ತಂದದ್ದವ್ವಾ" ಎಂದರು.

ಕೆಸರು ಮೆತ್ತಿದ ನೂಲಿನ ಸೀರೆಗಳನ್ನು ಅವರು ಗಂಟು ಕಟ್ಟಿದರು. ಬಸ್ಸಿನಲ್ಲಿ ಆ ಗಂಟಿನ ಪಕ್ಕ ಕೂಡಲು ನನಗೆ ನಾಚಿಕೆ. ಮೂರು ಸಲ ಕುದಿನೀರಿಗೆ ಹಾಕಿ, ಒಣಗಿಸಿ, ಚಳಿಗಾಲದ ಹೊತ್ತಿಗೆ ಎರಡು ಕೌದಿ ಹೊಲಿದರು. ಒಂದು ನಾದಿನಿಗೆ, ಒಂದು ನಮಗೆ. ಉಳಿದ ತುಂಡುಗಳಲ್ಲಿ ನನಗೊಂದು ಸಂತೆಯ ಚೀಲವಾಯಿತು.

ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಬಂದದ್ದು 2018ರಲ್ಲಿ. ಆದರೂ ಅಲ್ಲಿಯವರೆಗೆ ನಾನು ಬರಿಗೈಯಲ್ಲೇ ಸಂತೆಗೆ ಹೋಗುತ್ತಿದ್ದೆ. ಕಾನೂನು ಕಲಿಸದ್ದನ್ನು ಆ ಗಂಟು ಕಲಿಸಿತು. ಈಗ ಏನನ್ನೇ ಕೊಳ್ಳುವ ಮೊದಲು ಕೇಳಿಕೊಳ್ಳುತ್ತೇನೆ: ನಾಳೆ ನೀರು ಬಂದರೆ ಇದನ್ನು ಹೊತ್ತುಕೊಂಡು ಓಡುವೆನೇ? ಎಷ್ಟೋ ಸಲ ಚಾಚಿದ ಕೈ ಹಿಂದೆ ಬರುತ್ತದೆ.

ಅತ್ತೆ ಈಗಿಲ್ಲ. ಈ ಊರಿನವರಿಗೆ ಅದು ಗೋಧಡಿ. ಮರಾಠಿ ಶಾಲೆಗೆ ಹೋಗುವ ನನ್ನ ಮಗಳು ಮಾತ್ರ ರಾತ್ರಿ ಚಳಿಯಾದರೆ, "ಅಜ್ಜಿ ಕೌದಿ ಕೊಡು" ಎನ್ನುತ್ತಾಳೆ.