ವಾಸಸ್ಥಾನ ವಿಚಾರ

ಧನಿಕ, ಶ್ರೋತ್ರಿಯ, ಅರಸು, ನದಿ, ವೈದ್ಯ, ಈ ಐದೂ ಇಲ್ಲದ ಊರಿನಲ್ಲಿ ಒಂದು ದಿನವೂ ವಾಸಮಾಡಬಾರದೆಂದು ಚಾಣಕ್ಯನೀತಿಯು ವಿಧಿಸುತ್ತದೆ. ಪಾಠಶಾಲೆಯಲ್ಲಿ ಈ ಶ್ಲೋಕವನ್ನು ಬಾಯಿಪಾಠ ಮಾಡಿದವನು ನಾನು. ಮುಂದೆ ಉಪಾಧ್ಯಾಯನಾಗಿ ನೂರಾರು ಹುಡುಗರಿಂದ ಮಾಡಿಸಿದವನೂ ಹೌದು. ಆದರೆ ನಿವೃತ್ತನಾಗಿ ಹೊನ್ನಾಳಿಯನ್ನು ಬಿಟ್ಟು ದಾವಣಗೆರೆಯಲ್ಲಿ ಮನೆ ಹುಡುಕುವ ಕಾಲ ಬಂದಾಗ ಐದನೆಯದನ್ನೇ ಮರೆತೆನು.

ದಾವಣಗೆರೆಯಲ್ಲಿ ಐದೂ ಉಂಟು. ಮಂಡಿಪೇಟೆಯಲ್ಲಿ ಧನಿಕರಿದ್ದಾರೆ, ವೇದ ಬಲ್ಲವರೂ ಇದ್ದಾರೆ. 1997ರಲ್ಲಿ ಅದು ಜಿಲ್ಲಾಕೇಂದ್ರವಾದಂದಿನಿಂದ ಅರಸೂ ಬಂದಂತಾಯಿತು. ಅದುವರೆಗೆ ಶಿವಮೊಗ್ಗಕ್ಕೆ ಸೇರಿದ್ದ ಹೊನ್ನಾಳಿ ಚನ್ನಗಿರಿಯವರೂ ಚಿತ್ರದುರ್ಗಕ್ಕೆ ಸೇರಿದ್ದ ಜಗಳೂರಿನವರೂ ಈಗ ಒಂದೇ ಕಚೇರಿಯ ಮೆಟ್ಟಲು ಹತ್ತುತ್ತಾರೆ. ರಾಜನಹಳ್ಳಿಯಲ್ಲಿ ಎತ್ತಿದ ತುಂಗಭದ್ರೆಯ ನೀರೂ ಭದ್ರಾ ನಾಲೆಯಿಂದ ಕುಂದವಾಡದ ಕೆರೆಗೆ ಬಿಟ್ಟ ನೀರೂ ಕೊಳಾಯಿಗೆ ಬರುತ್ತವೆ. ವೈದ್ಯಕೀಯ ಕಾಲೇಜು 1965ರಷ್ಟು ಹಳೆಯದು. ಆದರೆ ಶ್ಲೋಕವು ಊರನ್ನು ಹೇಳುತ್ತದೆಯೇ ಹೊರತು ಬಡಾವಣೆಯನ್ನು ಹೇಳುವುದಿಲ್ಲ.

ಮೆಲ್ಬರ್ನಿನಲ್ಲಿರುವ ನನ್ನ ಮಗಳು ಅಲ್ಲಿ ಮನೆ ಹುಡುಕುವಾಗ ಮೊದಲು ಶಾಲೆಯನ್ನು ನೋಡಿದಳಂತೆ. ಮನೆಯ ವಿಳಾಸ ಯಾವ ಸರಕಾರಿ ಶಾಲೆಯ ಎಲ್ಲೆಯೊಳಗೆ ಬೀಳುವುದೋ ಆ ಶಾಲೆಯಲ್ಲಿ ಮಗುವಿಗೆ ಸ್ಥಳ ಖಂಡಿತ. ನಮಗೆ ಅಂತಹ ನಿರ್ಬಂಧವಿಲ್ಲ. ದಲ್ಲಾಳಿಯೊಡನೆ ಅಲೆಯುವಾಗ ನನ್ನಂತೆಯೇ ಬಂದವರನ್ನು ಕಂಡೆನು. ಜಗಳೂರಿನವರೊಬ್ಬರು ಮನೆಯೊಳಗೆ ಕಾಲಿಡುವ ಮೊದಲೇ, "ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ್ರೀ?" ಎಂದು ಕೇಳಿದರು. ಚನ್ನಗಿರಿಯ ಅಡಕೆ ತೋಟದವರು ಅಂಗಳವನ್ನು ಹೆಜ್ಜೆಯಿಂದ ಅಳೆದರು; ಪಟ್ಟಣದಲ್ಲಿ ಅವರು ಒಣಗಿಸುವ ಅಡಕೆ ಯಾವುದೋ ನಾನರಿಯೆ. ನ್ಯಾಮತಿಯವರಿಗೆ ಬಸ್ ನಿಲ್ದಾಣವೇ ಹತ್ತಿರವಿರಬೇಕು, ಏಕೆಂದರೆ ಹೊಲ ಇನ್ನೂ ಊರಿನಲ್ಲಿಯೇ ಇದೆ.

ಅವರನ್ನು ನೋಡಿ ಒಳಗೊಳಗೇ ನಕ್ಕ ನಾನು ಮಾಡಿದ್ದೇನು? ಮಳೆಗಾಲದಲ್ಲಿ ತುಂಗಭದ್ರೆಯು ಹೊನ್ನಾಳಿಯ ತಗ್ಗಿನ ಮನೆಗಳಿಗೆ ನುಗ್ಗುವುದನ್ನು ಬಾಲ್ಯದಿಂದ ಕಂಡವನು; ಆದ್ದರಿಂದ ಎತ್ತರದ ನೆಲವೊಂದನ್ನೇ ಅರಸಿದೆನು. ಊರ ಹೊರಗೆ, ಹೊಸ ಬಡಾವಣೆಯೊಂದರ ತುದಿಯಲ್ಲಿ, ಗಾಳಿ ಬೆಳಕುಗಳುಳ್ಳ ಮನೆಯನ್ನು ಬಾಡಿಗೆಗೆ ಹಿಡಿದೆನು. ನನ್ನ ಗೃಹಿಣಿಗೆ ಉಬ್ಬಸವುಂಟು. ಹೊನ್ನಾಳಿಯಲ್ಲಿ ವೈದ್ಯರು ಎರಡು ಬೀದಿಯಾಚೆ ಇದ್ದುದರಿಂದ ವೈದ್ಯನೆಂಬುವನು ಹುಡುಕತಕ್ಕವನೆಂದೇ ನನಗೆ ತೋರಿರಲಿಲ್ಲ.

ಮಾರ್ಗಶಿರದ ಒಂದು ರಾತ್ರಿ ಆಕೆಗೆ ಉಸಿರು ಹಿಡಿಯಿತು. ಅಕ್ಕಪಕ್ಕದಲ್ಲಿ ಇನ್ನೂ ಖಾಲಿ ನಿವೇಶನಗಳು. ದೂರವಾಣಿಯಲ್ಲಿ ಕರೆದ ಆಟೋದವನು ದಾರಿ ತಪ್ಪಿ ಮುಕ್ಕಾಲು ಗಂಟೆಯ ಮೇಲೆ ಬಂದನು. ಅಷ್ಟು ಹೊತ್ತೂ ಆಕೆ ಬಾಗಿಲ ಚೌಕಟ್ಟನ್ನು ಹಿಡಿದು ಕುಳಿತಿದ್ದಳು. ನಾನು ಬೀಸಣಿಗೆ ಹಿಡಿದು ನಿಂತಿದ್ದೆನು. ಆ ಮುಕ್ಕಾಲು ಗಂಟೆಯಲ್ಲಿ ನನಗೆ ಯಾವ ಶ್ಲೋಕವೂ ನೆನಪಾಗಲಿಲ್ಲ. ದೈವಕೃಪೆಯಿಂದ ಬದುಕಿದಳು. ಮೂರನೆಯ ದಿನ ಆಸ್ಪತ್ರೆಯ ಮಂಚದಿಂದಲೇ, "ಹೊಳೆ ವರ್ಷಕ್ಕೊಮ್ಮೆ ಬರೋದು ಕಣ್ರೀ, ಇದು ತಿಂಗಳಿಗೊಮ್ಮೆ ಬರುತ್ತೆ. ಈ ಸಲ ಮನೆ ನಾನು ನೋಡ್ತೀನಿ" ಎಂದಳು.

ಈಗ ಪಿ.ಜೆ. ಬಡಾವಣೆಯಲ್ಲಿದ್ದೇವೆ. ಚಿಗಟೇರಿ ಆಸ್ಪತ್ರೆಗೆ ನಡೆದು ಹೋಗಬಹುದು. ಮನೆ ಕಿರಿದು, ಗಾಳಿ ಸಾಲದು. ನನ್ನ ಪುಸ್ತಕಗಳಲ್ಲಿ ಅರ್ಧ ಮಂಚದ ಕೆಳಗಿವೆ. ಆಷಾಢ ಬಂದೊಡನೆ ಪತ್ರಿಕೆಯಲ್ಲಿ ಹೊನ್ನಾಳಿಯ ಹೊಳೆಯ ಮಟ್ಟವೆಷ್ಟೆಂದು ನೋಡುತ್ತೇನೆ. ಆಕೆ ಆ ಪತ್ರಿಕೆಯನ್ನು ಕೈಯಿಂದ ತೆಗೆದುಕೊಂಡು, ಔಷಧದ ಚೀಟಿಯನ್ನು ಕೊಟ್ಟು ಅಂಗಡಿಗೆ ಕಳುಹಿಸುತ್ತಾಳೆ.